ಗಾಳಿಗೆದುರಾದ ದಂಡೆ

ನವೆಂಬರ್ 8

…ಅಥವಾ ವೈಶಾಲಿ ಹಾಗೆ ಹೇಳಿರಲಿಕ್ಕಿಲ್ಲ. "ಯಾವಾಗ ಹೋಗಬೇಕಂತ ನಿಮಗ ಗೊತ್ತೈತಿ, ಹೋಗೂದೊಂದು ಗೊತ್ತಿಲ್ಲ" ಎನ್ನುವವರೆಗೆ ನೆನಪಿದೆ. ಅದಕ್ಕೆ ಜೋಡಿಸಿ ಇನ್ನೇನೋ ಅಂದಳು. ಅಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಅವಳು ಎರಡು ಸೂಟ್‌ಕೇಸ್ ತಳ್ಳಿಕೊಂಡು ವಿಮಾನ ನಿಲ್ದಾಣದ ಗಾಜಿನ ಬಾಗಿಲೊಳಗೆ ಹೋದಳು. ತಿರುಗಿ ನೋಡಲಿಲ್ಲ. ಅಥವಾ ನೋಡಿದಾಗ ನಾನು ಕನ್ನಡಿಯಲ್ಲಿ ಹಿಂದಿನವನನ್ನು ನೋಡುತ್ತಿದ್ದೆ.

ಒಂದು ಸೂಟ್‌ಕೇಸಿನಲ್ಲಿ ಅವಳ ಬಟ್ಟೆ. ಇನ್ನೊಂದರಲ್ಲಿ ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ, ಲೋಬಾನ, ಮತ್ತು ಅವಳ ತಾಯಿ ಧಾರವಾಡದಿಂದ ಕಳಿಸಿದ್ದ ಕಬ್ಬಿಣದ ಶೇಗಡಿ. ನಮ್ಮ ಮಗಳ ಬಾಣಂತನಕ್ಕೆ ಒಲೆಯನ್ನೇ ಹೊತ್ತುಕೊಂಡು ಸಮುದ್ರ ದಾಟುವ ಹೆಂಗಸು. ಸ್ಮಿತಾಗೆ ಜನವರಿ ಮಧ್ಯಕ್ಕೆ ದಿನ ತುಂಬುತ್ತದೆ. ಹವಾಯಿಯ ದೊಡ್ಡ ದ್ವೀಪದಲ್ಲಿ, ಹಿಲೋ ಊರಿನ ಹೊರಗೆ ಅವಳ ಮನೆ. ನಾನು ಹಿಂದಿನಿಂದ ಬರುವುದೆಂದು ಮಾತಾಗಿದೆ. ಹಿಂದಿನಿಂದ ಎಂದರೆ ಯಾವಾಗ ಎಂದು ಮಾತಾಗಿಲ್ಲ.

ನವೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಮಳೆ ಹೆಚ್ಚು. ಸರಿಯಾದ ತಿಂಗಳು ಮೇ. ಗಾಳಿ ಹದವಾಗಿರುತ್ತದೆ, ಪ್ರವಾಸಿಗಳ ಗದ್ದಲ ಇಳಿದಿರುತ್ತದೆ, ಬೆಟ್ಟದ ಮೇಲೂ ಆಕಾಶ ತೆರೆದಿರುತ್ತದೆ. ಕಾರಿನಲ್ಲಿ ಇಷ್ಟನ್ನೇ ಹೇಳಿದ್ದು. ಕೂಸು ಮೇ ತಿಂಗಳ ತನಕ ಕಾಯುವುದಿಲ್ಲ ಎಂದಳು. ಅದು ನನಗೂ ಗೊತ್ತು.

ನವೆಂಬರ್ 12

"ಏನ್ ಸರ್, ಹವಾಮಾನ ಇಲಾಖೆ ಈಗ ಒಂಟಿನಾ?" ಎಂದ ಅಭಿಲಾಷ್, ಕಾರ್ಖಾನೆಯ ಊಟದ ಮನೆಯಲ್ಲಿ. ನನ್ನ ವಿಭಾಗದಲ್ಲೇ ವಿಮಾನದ ರೆಕ್ಕೆಯ ಜೋಡಣೆ ನೋಡುವವನು. ಇಬ್ಬರು ಮಕ್ಕಳ ತಂದೆಯಾದರೂ ಎಲ್ಲದಕ್ಕೂ ನಗುತ್ತಾನೆ.

ಈ ಸೀಮೆಯ ಕನ್ನಡದವರು ದ್ವೀಪಗಳ ಕಡೆ ರಜೆಗೆ ಹೊರಡುವ ಮೊದಲು ನನಗೆ ಫೋನ್ ಮಾಡುತ್ತಾರೆ. ಯಾವ ತಿಂಗಳು, ಯಾವ ದಂಡೆ, ಜಾಕೆಟ್ ಬೇಕೋ ಬೇಡವೋ. ನಾನು ಹೇಳುತ್ತೇನೆ. ಈ ವಿದ್ಯೆ ನನಗೆ ಹೇಗೆ ಬಂತೆಂದು ಅವರಿಗೆ ಗೊತ್ತಿಲ್ಲ.

ಸ್ಮಿತಾ ಅಲ್ಲಿಗೆ ಕೆಲಸಕ್ಕೆ ಹೋದ ವರ್ಷ ಎರಡು ಕಡೆ ಕೆಲಸ, ಎರಡು ಕಡೆ ಮನೆ ನೋಡಿದ್ದಳು. ಒಂದು ದ್ವೀಪದ ಪಡುವಲಲ್ಲಿ, ಒಂದು ಮೂಡಲಲ್ಲಿ. ಯಾವುದು ತಗೊಳ್ಳಲಿ ಎಂದು ಕೇಳಿದಳು. ದೊಡ್ಡವಳಾದ ಮೇಲೆ ನನ್ನನ್ನು ಕೇಳಿದ್ದು ಅದೊಂದೇ. ಮೂಡಲ ಕಡೆಯದು ತಗೋ, ಬೆಟ್ಟದ ಆಚೆ ಮಳೆ ಇರುವುದಿಲ್ಲ ಎಂದೆ. ನಕಾಶೆ ನೋಡುವ ಅಗತ್ಯವೂ ಕಾಣಲಿಲ್ಲ. ಧಾರವಾಡದವನಿಗೆ ಮೋಡ ಬರುವುದು ಪಡುವಲಿಂದ. ಖಾನಾಪುರದಲ್ಲಿ ಬಿಚ್ಚಿದ ಕೊಡೆಯನ್ನು ನವಲಗುಂದದಲ್ಲಿ ಮಡಚುತ್ತೇವೆ. ಇಲ್ಲಿಗೆ, ಈ ಮುಕಿಲ್ಟಿಯೊಗೆ ಬಂದ ಮೇಲೂ ಅದೇ ಕಂಡಿದ್ದೆ: ಒಲಿಂಪಿಕ್ ಬೆಟ್ಟಗಳ ಪಡುವಣ ಮಗ್ಗುಲಲ್ಲಿ ಮರಗಳಿಗೆ ಪಾಚಿ, ಮೂಡಣ ಮಗ್ಗುಲಲ್ಲಿ ಒಣ ಹೊಲ. ಎರಡು ಖಂಡಗಳು ಒಪ್ಪಿಕೊಂಡಿದ್ದನ್ನು ಒಂದು ದ್ವೀಪ ಒಪ್ಪಲಿಲ್ಲ. ಅಲ್ಲಿ ವಾಣಿಜ್ಯ ಮಾರುತ ಈಶಾನ್ಯದಿಂದ ಬೀಸುತ್ತದೆ. ಮೋಡ ಮೂಡಲ ದಂಡೆಗೆ ಬಂದು, ಬೆಟ್ಟಕ್ಕೆ ತಾಗಿ, ಅಲ್ಲೇ ಖಾಲಿಯಾಗುತ್ತದೆ. ಪಡುವಲ ದಂಡೆಯ ಕೋನಾ ಒಣಗಿ ಬಿದ್ದಿರುತ್ತದೆ.

ಆಮೇಲೆ ಓದಿದೆ. ಒಂದು ದ್ವೀಪದ ಮೇಲಿನ ಸಿಟ್ಟಿಗೆ ಎಲ್ಲ ದ್ವೀಪಗಳನ್ನೂ ಓದಿದೆ. ರಿಯೂನಿಯನ್, ಡೊಮಿನಿಕಾ, ಸಮೋವಾ. ಉಷ್ಣವಲಯದಲ್ಲಿ ಬೆಟ್ಟವಿರುವ ದ್ವೀಪಕ್ಕೆ ಗಾಳಿಗೆ ಕೊಟ್ಟ ಮುಖ ಒಂದು, ತಿರುಗಿಸಿದ ಬೆನ್ನು ಒಂದು. ಅಲ್ಲಿನ ಋತುವನ್ನು ತಿಂಗಳಿಂದ ಮಾತ್ರ ಹೇಳಲಾಗದು; ಯಾವ ದಂಡೆ, ಎಷ್ಟು ಎತ್ತರ ಎಂದೂ ಹೇಳಬೇಕು. ಕೆಳಗೆ ಅಂಗಿಯೇ ಭಾರವಾದ ದಿನ ಮೇಲೆ ಹಿಮ ಬೀಳಬಹುದು. ಇದನ್ನೆಲ್ಲ ಈಗ ನಾನು ತಪ್ಪಿಲ್ಲದೆ ಹೇಳಬಲ್ಲೆ. ಸ್ಮಿತಾ ಮತ್ತೆ ಕೇಳಲಿಲ್ಲ.

ಆ ಹಸಿ ದಂಡೆಯಲ್ಲೇ ಅವಳಿಗೆ ಅವನು ಸಿಕ್ಕಿದ್ದು. ಮನೆಗಳಿಗೆ ಮಳೆನೀರು ಹಿಡಿಯುವ ಟ್ಯಾಂಕಿ ಕೂರಿಸುವವನು. ಒಣ ದಂಡೆಗೆ ಕಳಿಸಿದ್ದರೆ ಟ್ಯಾಂಕಿಯವನು ಸಿಗುತ್ತಿರಲಿಲ್ಲ. ಮದುವೆ ಆಗಸ್ಟಿನಲ್ಲಿ ಇಟ್ಟುಕೊಂಡರು. ಆಗಸ್ಟ್ ಚಂಡಮಾರುತದ ತಿಂಗಳೆಂದು ಹೇಳಿದೆ. ವೈಶಾಲಿ ಒಬ್ಬಳೇ ಹೋಗಿಬಂದಳು. ಚಂಡಮಾರುತ ಬರಲಿಲ್ಲ.

ನವೆಂಬರ್ 19

ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಸ್ಟೀಲಿನ ಡಬ್ಬಿ. ಬದನೆಕಾಯಿ ಎಣಗಾಯಿ. ಬೂಷ್ಟು ಹಿಡಿದಿತ್ತು. ಎಸೆದೆ.

ನವೆಂಬರ್ 27

ಥ್ಯಾಂಕ್ಸ್‌ಗಿವಿಂಗ್. ಬೀದಿಯಲ್ಲೆಲ್ಲ ಹಬ್ಬಕ್ಕೆ ಬಂದ ಬೇರೆಯವರ ಕಾರು.

ವೈಶಾಲಿ ಫೋನ್ ಮಾಡಿದಳು. ಹಿಂದೆ ತಗಡಿನ ಮೇಲೆ ಮಳೆ. ಅವಳು ಕೂಗಿಯೇ ಮಾತಾಡಬೇಕು.

"ಹಳೇ ಧೋತ್ರ ಹರದು, ತೊಳದು ಹಾಕೀನ್ರಿ, ಕೂಸಿಗೆ. ಒಣಗವಲ್ವು. ಒಣಗೇತಿ ಅಂತ ಮಡಚಬೇಕು, ಮುಟ್ಟಿದರ ಮತ್ತ ಹಸಿ. ಅದಕ್ಕ ಶೇಗಡಿ ಹೊತ್ತಿಸಿ ಲೋಬಾನ ಹಾಕಿದ್ನಿ. ಕೂಸು ಬರೂದ್ರಾಗ ಮನಿಗೂ ರೂಢಿ ಆಗ್ಲಿ ಅಂತ. ಮ್ಯಾಲೆ ಅದು ಒಂದು ಹೊಯ್ಕೊಳ್ಳಾಕ ಹತ್ತಿತು ನೋಡ್ರಿ, ಹೊಗಿ ಗಂಟಿ. ಬಾಜೂ ಮನಿಯವರೂ ಬಂದರು. ಅಳಿಯಾ ಕುರ್ಚಿ ಮ್ಯಾಲ ನಿಂತು ಬಿಚ್ಚಿಟ್ಟ. ಆಮ್ಯಾಲ ತಾನೂ ಬಂದು ತಲಿಗೆ ಹೊಗಿ ತಗೊಂಡು ಹೋದ."

ಕೆಂಡ ಇಟ್ಟರೆ ಕಿಟಕಿ ತೆಗೆದಿಡಬೇಕು, ಇಲ್ಲದಿದ್ದರೆ ಅಪಾಯ ಎಂದೆ.

"ತಗದರ ಮಳಿ ಒಳಗ ಬರ್ತೈತಿ. ನಿಮ್ಮ ಮೂಡಲ ಕಡೆ ಅಲ್ಲೇನ್ರಿ ಇದು?"

ಅವಳ ಹಿಂದೆ ಯಾರೋ ಇಬ್ಬರು ನಕ್ಕರು. ಒಂದು ನಗು ಸ್ಮಿತಾಳದು.

ಡಿಸೆಂಬರ್ 6

ಅಭಿಲಾಷ್ ಮನೆಗೆ ಬಂದಿದ್ದ. ಕ್ರಿಸ್‌ಮಸ್ ರಜೆಗೆ ಹೆಂಡತಿ ಮಕ್ಕಳ ಜೊತೆ ಅದೇ ದ್ವೀಪಕ್ಕೆ ಹೊರಟಿದ್ದಾನೆ. ಡಿಸೆಂಬರ್ ಬೇಡ ಎಂದೆ. ಹೋಗಲೇಬೇಕೆಂದರೆ ಕೋನಾದ ಕಡೆ ಇರು ಎಂದೆ.

"ಮಕ್ಕಳಿಗೆ ರಜ ಸಿಗೋದೇ ಆವಾಗ ಸರ್."

ಮಳೆ ನಿನ್ನ ಮಕ್ಕಳ ರಜ ನೋಡಿ ಬರುವುದಿಲ್ಲ ಎಂದೆ.

"ಅದು ಸರಿ. ಆದ್ರೆ ಇಲ್ಲೂ ಮಳೆ, ಅಲ್ಲೂ ಮಳೆ. ಅಲ್ಲಿದು ಬೆಚ್ಚಗಿರುತ್ತಲ್ಲಾ ಸರ್." ಚಹಾ ಕುಡಿದು ಲೋಟ ತಾನೇ ತೊಳೆದಿಟ್ಟ. "ಹಿಲೋಗೂ ಹೋಗ್ತೀವಿ. ಆಂಟಿಗೆ ಏನಾದ್ರೂ ಕೊಡೋದಿದ್ರೆ ಕೊಡಿ."

ವೈಶಾಲಿ ಹೊಲಿದ ಕುಂಚಗಿ ಮೇಜಿನ ಮೇಲೇ ಉಳಿದಿತ್ತು. ಕೆಂಪು ಖಣದ ಬಟ್ಟೆ, ಅಂಚಿಗೆ ಹಳದಿ ದಾರ. ಕೂಸಿನ ತಲೆಗೆ ಕಟ್ಟಿದರೆ ಬೆನ್ನಿನ ತನಕ ಬರುತ್ತದೆ, ಗಾಳಿ ತಾಗದ ಹಾಗೆ.

"ಓ, ಕುಲಾವಿ" ಎಂದ. ಮುಷ್ಟಿಗೆ ಹಾಕಿಕೊಂಡು ನೋಡಿದ. "ನೀವೇ ತಗೊಂಡ್ ಹೋದ್ರೆ ಚೆನ್ನಾಗಿರ್ತಿತ್ತು ಸರ್."

ಜಾಕೆಟ್ ಒಯ್ಯಲು ಹೇಳಿದೆ. ಬೆಟ್ಟದ ಮೇಲೆ ಚಳಿ.

ಡಿಸೆಂಬರ್ 13

ಸ್ಮಿತಾ ತಾನೇ ಫೋನ್ ಮಾಡಿದ್ದಳು.

ಇಪ್ಪತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಮಾತಾಡುವ ರೀತಿ ಒಂದೇ: ನಾನು ಕನ್ನಡ, ಅವಳು ಇಂಗ್ಲಿಷ್. ಕಾರ್ಖಾನೆ ಹೇಗಿದೆ, ಮೊಣಕಾಲು ಹೇಗಿದೆ ಎಂದು ಅವಳ ಇಂಗ್ಲಿಷಿನಲ್ಲಿ ಕೇಳಿದಳು. ಆಮೇಲೆ, "ಅಪ್ಪಾ, ನೀ ಬರ್ತೀ ಏನು?"

ಅಷ್ಟೇ. ಅವರಮ್ಮನ ಕನ್ನಡ, ಮೊದಲೇ ಬಾಯಿಪಾಠ ಮಾಡಿಕೊಂಡಂತೆ.

ನಾನು ಇಂಗ್ಲಿಷಿನಲ್ಲಿ ಉತ್ತರಿಸಿದೆ. ಯಾಕೋ ಹಾಗಾಯಿತು. ಜನವರಿಯ ಸರಾಸರಿ ಮಳೆ, ಗಾಳಿಯ ದಿಕ್ಕು, ಈ ವರ್ಷ ಸಮುದ್ರದ ಶಾಖ ಎಷ್ಟು ಕಡಿಮೆ, ಅದರಿಂದ ಏನಾಗಬಹುದು. ಎಲ್ಲ ನಿಖರವಾಗಿ ಹೇಳಿದೆ. ಅವಳು ಓಕೆ ಎಂದಳು. ಮತ್ತೆ ಓಕೆ ಎಂದಳು.

ಡಿಸೆಂಬರ್ 21

ಹಿಲೋ, ಮಳೆ. ಮುಕಿಲ್ಟಿಯೊ, ಮಳೆ. ಕೋನಾ, ಬಿಸಿಲು.

ಡಿಸೆಂಬರ್ 24

ಹಿಲೋ, ಮಳೆ.

ಜನವರಿ 4

ಅಭಿಲಾಷ್ ಬಿಸಿಲಿಗೆ ಮೂಗಿನ ತುದಿ ಸುಲಿಸಿಕೊಂಡು ಬಂದಿದ್ದಾನೆ. ಮಳೆ ಸಿಕ್ಕಿರಬೇಕು ಎಂದೆ.

"ದಿನಾ ಸಿಕ್ತು ಸರ್. ಬರುತ್ತೆ, ನಿಲ್ಲುತ್ತೆ, ಬಿಸಿಲು, ಮತ್ತೆ ಬರುತ್ತೆ. ಮಕ್ಕಳು ಚಡ್ಡಿಯಲ್ಲೇ ಇದ್ರು. ಒಂದಿನ ಬೆಳಿಗ್ಗೆ ಸಮುದ್ರ, ಮಧ್ಯಾಹ್ನ ಬೆಟ್ಟದ ಮೇಲೆ ಹಿಮ. ಜಾಕೆಟ್ ತಗೊಂಡ್ ಹೋಗು ಅಂದ್ರಲ್ಲ, ಅದೊಂದು ಕರೆಕ್ಟ್ ಸರ್."

ಅದೊಂದು.

ಕುಂಚಗಿ ಕೊಡಲು ಹೋದವರು ಅಲ್ಲೇ ಊಟ ಮಾಡಿದರಂತೆ. "ಆಂಟಿ ರೊಟ್ಟಿ ಬಡೀತಿದ್ರು. ನಿಮ್ಮ ಅಳಿಯ ಕೆಯೋನಿನೂ ಪಕ್ಕ ಕೂತು ಬಡೀತಿದ್ದ. ಅವನದು ಒಂದೂ ದುಂಡಗೆ ಬರಲ್ಲ. 'ಇದ್ಯಾವ ದೇಶದ ನಕಾಶೀನೋ ಯಪ್ಪಾ' ಅಂತ ಆಂಟಿ ಬೈತಾರೆ. ಅವನು 'ಹೌದ್ರಿ' ಅಂತಾನೆ. ಏನು ಹೇಳಿದ್ರೂ ಹೌದ್ರಿ. ನಮ್ಮ ಮಕ್ಕಳು ಈಗ ಮನೇಲಿ ಅದೇ ಹೇಳ್ತಿವೆ."

ಆಮೇಲೆ, ಕಾಫಿಯ ಕಪ್ಪು ನೋಡುತ್ತ, "ನಿಮ್ ರೂಮ್ ನೋಡಿದೆ ಸರ್."

ನನಗೆ ಅಲ್ಲಿ ರೂಮಿಲ್ಲ ಎಂದೆ.

"ಇದೆ ಸರ್. ಹಿಂದಿನ ವರಾಂಡ ಮುಚ್ಚಿ ಅವನೇ ಮಾಡಿದಾನೆ. ಮಂಚ, ಮೇಜು, ಓದೋ ದೀಪ. ಕಿಟಕಿ ಹೊರಗೆ ಒಂದು ಕಂಬ ನೆಟ್ಟು ಮಳೆ ಅಳೆಯೋ ಗಾಜಿನ ಕೊಳವೆ ಕಟ್ಟಿದಾರೆ. ಮಂಚದ ಮೇಲೆ ಮಲಗಿದ್ರೇ ಕಾಣುತ್ತೆ. ಅಪ್ಪ ಬೆಳಿಗ್ಗೆ ಎದ್ದ ತಕ್ಷಣ ನೋಡ್ಬೇಕು ಅಂತಾರೆ ಅಂದ್ರು ಸ್ಮಿತಾ."

ಮಳೆ ಅಳೆಯುವ ಕೊಳವೆಯನ್ನು ಗೋಡೆಗೆ ಅಷ್ಟು ಹತ್ತಿರ ಇಡಬಾರದು. ಸೂರಿನ ನೀರು ಸಿಡಿಯುತ್ತದೆ. ಅಳತೆ ತಪ್ಪುತ್ತದೆ.

ಜನವರಿ 8

ಟಿಕೆಟ್ ತೆಗೆಸಿದೆ. ಹದಿನಾಲ್ಕಕ್ಕೆ ಹೊರಡುವುದು. ಕೋನಾಕ್ಕೆ. ಅಲ್ಲಿ ಹೋಟೆಲು. ಬಿಸಿಲಿರುವ ದಂಡೆಯಲ್ಲಿ ಇಳಿದು, ಬೆಟ್ಟಗಳ ನಡುವಿನ ರಸ್ತೆಯಲ್ಲಿ ದಿನವೂ ಹೋಗಿಬರಬಹುದು. ಯಾರಿಗೂ ಭಾರವಾಗುವುದಿಲ್ಲ.

"ಮನೀ ಬಿಟ್ಟು ಗುಡ್ಡದ ಆಚಿ ಹೋಟೆಲ್ನ್ಯಾಗ ಇಳೀತೀರಿ?" ಎಂದಳು ವೈಶಾಲಿ. "ಬೀಗರ ಊರಿಗೆ ಬಂದ ಗಂಡಿನ ಕಾಕಾ ಇದ್ದಂಗ."

ಆ ಕಡೆ ಒಣಗಿರುತ್ತದೆ ಎಂದೆ.

"ಒಣಗ್ರಿ ಹಂಗಾರ" ಎಂದಳು.

ಆದರೂ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬರುವಾಗ ಇಂಗು ತರಲು ಹೇಳಿದಳು.

ಜನವರಿ 12

ಮುನ್ಸೂಚನೆ ಬದಲಾಗಿದೆ. ದ್ವೀಪಗಳ ವಾಯವ್ಯಕ್ಕೆ ಒತ್ತಡ ಕುಸಿಯುತ್ತಿದೆ. ವಾಣಿಜ್ಯ ಮಾರುತ ನಿಲ್ಲುತ್ತದೆ, ಗಾಳಿ ತಿರುಗಿ ನೈರುತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಆಗೊಮ್ಮೆ ಈಗೊಮ್ಮೆ ಹೀಗಾಗುವುದುಂಟು. ಆಗ ಒಣ ದಂಡೆಯೇ ಗಾಳಿಗೆ ಎದುರಾಗುತ್ತದೆ. ಹದಿಮೂರರಿಂದ ಹದಿನಾರರವರೆಗೆ ಕೋನಾದಲ್ಲಿ ಭಾರಿ ಮಳೆ, ತಗ್ಗಿನ ರಸ್ತೆಗಳಲ್ಲಿ ನೀರು. ಧಾರವಾಡದ ಗಾಳಿ ನನ್ನ ಹೋಟೆಲನ್ನು ಹುಡುಕಿಕೊಂಡು ಅಲ್ಲಿಯ ತನಕ ಹೋಗಿದೆ.

ಟಿಕೆಟ್ ರದ್ದು ಮಾಡಿಸಿದೆ. ಹಣ ಸ್ವಲ್ಪ ವಾಪಸಾಗುತ್ತದೆ.

ವೈಶಾಲಿಗೆ ಕಾರಣ ವಿವರಿಸಿದೆ. ಮುಗಿದ ಮೇಲೆ, "ಆತ್ರಿ" ಎಂದಳು. ಸ್ಮಿತಾಗೆ ಮೆಸೇಜ್ ಹಾಕಿದೆ, ನಕಾಶೆಯ ಸಮೇತ. ಹೆಬ್ಬೆರಳಿನ ಚಿತ್ರ ಬಂತು.

ಜನವರಿ 14

ವಿಮಾನ ಹೋಯಿತು. ಅದು ಹೋಗಲಿಕ್ಕಿಲ್ಲ ಎಂದುಕೊಂಡಿದ್ದೆ. ಫೋನಿನಲ್ಲಿ ಅದರ ದಾರಿ ನೋಡಿದೆ. ಸಮುದ್ರದ ಮೇಲೆ ಒಂದು ಹಳದಿ ಚುಕ್ಕೆ. ಕೋನಾದಲ್ಲಿ ಸುರಕ್ಷಿತವಾಗಿ ಇಳಿಯಿತು, ವೇಳೆಗಿಂತ ತುಸು ಮೊದಲೇ.

ಸಂಜೆ ಹೆಣ್ಣು ಕೂಸು ಹುಟ್ಟಿತು. ಇಬ್ಬರೂ ಆರಾಮ.

"ಕೇಳ್ರಿ" ಎಂದಳು ವೈಶಾಲಿ, ಆಸ್ಪತ್ರೆಯ ಹೊರಗಿನಿಂದ. ಮಳೆಯ ಸದ್ದಿಲ್ಲದ ಅವಳ ಧ್ವನಿ ಬಹಳ ಹತ್ತಿರ ಕೇಳಿಸಿತು. "ಇವತ್ತ ಇಲ್ಲೆ ಏನು ಬಿಸಲ್ರೀ. ನಿನ್ನೆಯಿಂದ ಒಂದ ಹನಿ ಇಲ್ಲ. ಅಷ್ಟೂ ಅರಿವಿ ಹೊರಗ ಹಾಕಿದ್ನಿ, ಹಪ್ಪಳ ಆದಂಗ ಆಗ್ಯಾವು."

ಫೋಟೋ ಕಳಿಸಿದಳು. ಎರಡು. ಒಂದರಲ್ಲಿ ಕೂಸು, ಕೆಂಪು ಕುಂಚಗಿಯಲ್ಲಿ, ಕಣ್ಣು ಮುಚ್ಚಿಕೊಂಡು. ಇನ್ನೊಂದರಲ್ಲಿ ಅಂಗಳದ ತುಂಬ ಬಿಳಿ ಧೋತರದ ತುಂಡುಗಳು, ಅವುಗಳ ನೆರಳು. ಮೂಲೆಯಲ್ಲಿ ಕಂಬ, ಕಂಬದಲ್ಲಿ ಗಾಜಿನ ಕೊಳವೆ. ದೊಡ್ಡದು ಮಾಡಿ ನೋಡಿದೆ. ಖಾಲಿ.

ಜನವರಿ 15

ಮುನ್ಸೂಚನೆ ಸರಿಯಾಗಿತ್ತು.

ಜನವರಿ 26

ಕೂಸನ್ನು ತೊಟ್ಟಿಲಿಗೆ ಹಾಕಿದರು. ನಾನು ಫೋನಿನಲ್ಲಿ. ಯಾರೋ ನನ್ನನ್ನು ಹಣ್ಣಿನ ಬುಟ್ಟಿಗೆ ಒರಗಿಸಿ ನಿಲ್ಲಿಸಿದ್ದರು. ಅರ್ಧ ದೃಶ್ಯ ಬಾಳೆಹಣ್ಣು. ಮತ್ತೆ ಮಳೆ ಶುರುವಾಗಿತ್ತು.

ಸೋದರತ್ತೆಯ ಜಾಗದಲ್ಲಿ ಕೆಯೋನಿಯ ಅಕ್ಕ ಕೂತಿದ್ದಳು. ವೈಶಾಲಿ ಹೇಳಿಕೊಟ್ಟಂತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ಹೇಳುವಾಗ ಹಿಂದಿನಿಂದ ಹೆಂಗಸರು ಬೆನ್ನಿಗೆ ಗುದ್ದುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಾಬರಿಯಾಗಿ ತಿರುಗಿದಳು, ಕಾರಣ ಕೇಳಿ ನಕ್ಕಳು, ಎದ್ದು ಬಂದು ವೈಶಾಲಿಯ ಬೆನ್ನಿಗೂ ಒಂದು ಕೊಟ್ಟಳು. ವೈಶಾಲಿ ಹಾಗೆ ನಕ್ಕದ್ದು ನಾನು ನೋಡಿ ಬಹಳ ದಿನವಾಯಿತು. ಹೆಸರು ಲಾನಿ. ಅವರ ಭಾಷೆಯಲ್ಲಿ ಆಕಾಶ ಎಂದಂತೆ. ಆಕಾಶವೆಂದು ಹೆಸರಿಡುವ ಜನ, ಮುನ್ಸೂಚನೆ ಒಮ್ಮೆಯೂ ನೋಡುವುದಿಲ್ಲ.

ಕೆಯೋನಿ ನನ್ನನ್ನು ಎತ್ತಿಕೊಂಡು ಮನೆಯೆಲ್ಲ ತೋರಿಸಿದ. ಹಿಂದಿನ ಕೋಣೆಯ ಬಾಗಿಲು ತೆರೆದ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಗ್ಗ, ಹಗ್ಗದ ಮೇಲೆ ಒದ್ದೆ ಬಟ್ಟೆ, ನಡುವೆ ಶೇಗಡಿ. ಮಂಚ ಇರಲಿಲ್ಲ. ಅವನು ಏನೋ ಹೇಳಲು ಹೋಗಿ ವೈಶಾಲಿಗೆ ಫೋನ್ ಕೊಟ್ಟ.

"ನಿಮ್ಮ ಖೋಲಿ" ಎಂದಳು. "ಹ್ಯಾಂಗೂ ಖಾಲಿ ಇತ್ತಲ್ಲ. ಮಂಚ ಬಿಚ್ಚಿ ಗ್ಯಾರೇಜಿಗೆ ಹಾಕಿದ್ವಿ."

ನೀನು ವಾಪಸು ಬರುವುದು ಫೆಬ್ರುವರಿ ಎಂದಿತ್ತು ಎಂದೆ.

"ಮೇ ತನಕ ಇರ್ತೀನ್ರಿ. ಮೇ ಛಲೋ ತಿಂಗಳಂತಲ್ಲ."

ಫೆಬ್ರುವರಿ 3

ವೈಶಾಲಿಗೆ ಹೇಳಿದೆ: ವಿಮಾನ ನಿಲ್ದಾಣದಲ್ಲಿ ನೀನು ಅಂದದ್ದು ಪೂರ್ತಿ ಕೇಳಿಸಿರಲಿಲ್ಲ, ಕೊನೆಯ ಮಾತು ಹಾರ್ನಿನಲ್ಲಿ ಹೋಯಿತು.

"ಏನ ಅಂದಿದ್ನೋ." ಕೂಸಿನ ಬೆನ್ನು ತಟ್ಟುವ ಸದ್ದು. "ಫ್ರಿಜ್ಜಿನ್ಯಾಗ ಎಣಗಾಯಿ ಇಟ್ಟೀನಿ, ಉಣ್ರಿ ಅಂದಿರಬೇಕು. ನಿಮಗ ಸೇರ್ತೈತಿ ಅಂತ ಆವತ್ತ ಮುಂಜಾನೆ ಎದ್ದು ಮಾಡಿದ್ನಿ. ಅದನ್ನ ಈ ತನಕ ತಲ್ಯಾಗ ಇಟ್ಕೊಂಡು ಕುಂತೀರಿ?"

ಚೆನ್ನಾಗಿತ್ತು ಎಂದೆ.

ಫೆಬ್ರುವರಿ 11

ಫೆರಿಯ ಕಟ್ಟೆಯ ತನಕ ನಡೆದು ಬಂದೆ. ನೆನೆದೆ. ಪಡುವಲಿಂದ ಬರುವ ಗಾಳಿ ಒಲಿಂಪಿಕ್ ಬೆಟ್ಟಕ್ಕೆ ತಾಗಿ ಎರಡಾಗಿ ಒಡೆದು, ಬೆಟ್ಟ ಬಳಸಿ ಬಂದು, ನಮ್ಮ ಊರಿನ ಮೇಲೆಯೇ ಮತ್ತೆ ಕೂಡುತ್ತದೆ. ಕೂಡಿದ ಕಡೆ ಮಳೆ. ಸುತ್ತ ಎಲ್ಲೂ ಇಲ್ಲದಿದ್ದಾಗಲೂ ಇಲ್ಲಿ ಮಳೆ. ಇದನ್ನು ಎಷ್ಟೋ ಜನಕ್ಕೆ ವಿವರಿಸಿದ್ದೇನೆ, ಕೊಡೆ ಹಿಡಿದುಕೊಂಡು. ಇವತ್ತು ಕೊಡೆ ಮನೆಯಲ್ಲೇ ಇತ್ತು.

ಅಂಗಿಯನ್ನು ಡ್ರೈಯರಿಗೆ ಹಾಕದೆ ವೈಶಾಲಿಯ ಕುರ್ಚಿಯ ಬೆನ್ನಿಗೆ ಹರವಿದ್ದೇನೆ. ಒಣಗವಲ್ದು. ಮೇಜಿನ ಮೇಲೆ ಇಂಗಿನ ಡಬ್ಬಿ, ಜನವರಿಯಲ್ಲಿ ತಂದದ್ದು, ಸೀಲು ಒಡೆದಿಲ್ಲ. ಹಿಲೋದಲ್ಲಿ ಇವತ್ತು ಏನು ಕತೆಯೋ, ನೋಡುವುದು ಮರೆತುಹೋಯಿತು. ನಿನ್ನೆಯೂ ನೋಡಿದ ನೆನಪಿಲ್ಲ.

ಮಂಚ ಗ್ಯಾರೇಜಿನಲ್ಲೇ ಇರಲಿ, ಹಗ್ಗ ಬಿಚ್ಚುವುದೂ ಬೇಡ. ಸ್ಮಿತಾ, ಆ ಒದ್ದೆ ಬಟ್ಟೆಗಳ ಕೆಳಗೆ, ಶೇಗಡಿಯ ಪಕ್ಕದಲ್ಲಿ, ನೆಲದ ಮೇಲೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಇದೆಯೇ?